ಅಂಬಿಗರ ಮಗು ಮೀನಿನ ಮರಿಯಲ್ಲ

ಕಾಶಿಯ ಶಿವಾಲ ಘಾಟ್‌ನಿಂದ ಬೆಳಗಿನ ಜಾವ ಹೊರಡುವ ದೋಣಿಗಳಲ್ಲಿ ಎಷ್ಟೋ ಸಲ ಎರಡು ಬಗೆಯ ಮಕ್ಕಳು ಒಟ್ಟಿಗೆ ಇರುತ್ತಾರೆ. ಒಂದು ಪ್ರಯಾಣಿಕರ ಮಗು. ಹಾಸನದಿಂದಲೋ ಹಾವೇರಿಯಿಂದಲೋ ಅಜ್ಜ ಅಜ್ಜಿಯ ಜೊತೆ ಬಂದದ್ದು. ನಿದ್ದೆಗಣ್ಣು, ತಲೆಗೆ ಉಲ್ಲನ್ ಟೊಪ್ಪಿಗೆ, ಮೈಮೇಲೆ ಮೊಣಕಾಲಿನವರೆಗೆ ಇಳಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ಇನ್ನೊಂದು ದೋಣಿಯವರ ಮಗು. ಮೂರೋ ನಾಲ್ಕೋ ವರ್ಷ, ಬರಿಗಾಲು, ಜಾಕೆಟ್ಟು ಗಿಕೆಟ್ಟು ಏನೂ ಇಲ್ಲ, ದೋಣಿಯ ಮುಂತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತದೆ. ಅದನ್ನು ನೋಡಿ ಪ್ರಯಾಣಿಕರ ಪೈಕಿ ಯಾರಾದರೂ "ಅಯ್ಯೋ, ಬಿದ್ದೀತು" ಅಂದರೆ, ಪಕ್ಕದಲ್ಲಿ ಕೂತ ಹಿರಿಯರು ಸಮಾಧಾನ ಹೇಳುತ್ತಾರೆ: "ಬಿಡಮ್ಮ, ಮೀನಿನ ಮರಿಗೆ ಈಜು ಕಲಿಸಬೇಕಾ?"

ಗಾದೆ ಸೊಗಸಾಗಿದೆ. ಆದರೆ ಮೀನಿನ ಮರಿಗೆ ಕಿವಿರು ಇದೆ, ಅಂಬಿಗರ ಮಗುವಿಗೆ ಇಲ್ಲ. ಬೇರೆ ಕಡೆ ಈ ಗಾದೆಯನ್ನು ಹೊಗಳಿಕೆಗೆ ಬಳಸುತ್ತಾರೆ: ಸಂಗೀತಗಾರರ ಮಗಳು ಹಾಡಿದಾಗ, ಕಮ್ಮಾರರ ಮಗ ಸುತ್ತಿಗೆ ಹಿಡಿದಾಗ. ನದಿಯ ಮೇಲೆ ಮಾತ್ರ ಅದು ಹೊಗಳಿಕೆಯಾಗಿ ಉಳಿಯುವುದಿಲ್ಲ, ನುಣುಚಿಕೊಳ್ಳುವ ದಾರಿಯಾಗುತ್ತದೆ. ಅದರೊಳಗೆ ಒಂದು ಲೆಕ್ಕವೂ ಅಡಗಿದೆ. ದುಡ್ಡು ಕೊಟ್ಟು ಹತ್ತಿದ ಮಗುವಿಗೆ ಜಾಕೆಟ್ಟು, ದೋಣಿಯಲ್ಲೇ ಬೆಳೆಯುವ ಮಗುವಿಗೆ ಧೈರ್ಯ. ಜಾತಿಯ ಜೊತೆ ಕಸುಬು ಮಾತ್ರವಲ್ಲ, ಶ್ವಾಸಕೋಶವೂ ಬರುತ್ತದೆ ಎಂಬ ನಂಬಿಕೆ ಇದು. ಇನ್ನೂ ಬೇಸರದ ಸಂಗತಿಯೆಂದರೆ, ಈ ಲೆಕ್ಕದಲ್ಲಿ ಜಾಕೆಟ್ಟು ಸಿಕ್ಕ ಮಗುವೂ ಸುರಕ್ಷಿತವಲ್ಲ. ಮೊಣಕಾಲಿಗೆ ಇಳಿದ ಜಾಕೆಟ್ಟು ನೀರಿನಲ್ಲಿ ಮಗುವನ್ನು ಬಿಟ್ಟು ತಾನೊಂದೇ ತೇಲುತ್ತದೆ.

ಶಿವಾಲದ ಜಾಗ ಎಂಥದ್ದೆಂದು ಮೊದಲು ತಿಳಿಯಬೇಕು. ಅಸ್ಸಿಯಿಂದ ಉತ್ತರಕ್ಕೆ ನಡೆಯುತ್ತ ಬಂದರೆ ತುಲಸಿ ಘಾಟ್, ಜೈನ ಘಾಟ್ ದಾಟಿದ ಮೇಲೆ ನಿಷಾದರಾಜ ಘಾಟ್ ಬರುತ್ತದೆ. ಅದು ದೋಣಿಯವರ ವಸತಿ. ಮಲ್ಲಾಹ, ನಿಷಾದ, ಕೇವಟ ಎಂದು ಮೂರು ಹೆಸರು ಬಳಕೆಯಲ್ಲಿವೆ. ಮೊದಲನೆಯದು ಅರಬ್ಬಿಯಿಂದ ಬಂದದ್ದು, ಉಳಿದೆರಡು ಸಂಸ್ಕೃತದಿಂದ. ಕನ್ನಡದಲ್ಲಾದರೆ ಅಂಬಿಗರು ಎಂದರೆ ಸಾಕು. ಅಲ್ಲಿಂದ ಮುಂದೆ ಚೇತ್ ಸಿಂಗ್ ಕೋಟೆ, ಆಮೇಲೆ ಶಿವಾಲ, ಹನುಮಾನ್ ಘಾಟ್, ಅದರಾಚೆ ಹಿಂದಿನ ಮೈಸೂರು ಸಂಸ್ಥಾನ 1910ರ ಸುಮಾರಿಗೆ ಕಟ್ಟಿಸಿದ ಘಾಟ್. ಈಗ ಅದನ್ನು ಕರ್ನಾಟಕ ಘಾಟ್ ಎನ್ನುತ್ತಾರೆ. ಅದರಾಚೆ ಹರಿಶ್ಚಂದ್ರ ಘಾಟ್‌ನ ಹೊಗೆ. ಕನ್ನಡಿಗರು ಕಾಶಿಯಲ್ಲಿ ಇಳಿದುಕೊಳ್ಳುವುದು, ಮುಳುಗು ಹಾಕುವುದು, ದೋಣಿ ಹತ್ತುವುದು ಹೆಚ್ಚಾಗಿ ಈ ಸುತ್ತಿನಲ್ಲೇ. ಹಾಗಾಗಿ ಇಲ್ಲಿನ ದೋಣಿಯವರ ಬಾಯಲ್ಲಿ ನಾಲ್ಕು ಕನ್ನಡದ ಮಾತೂ ಇರುತ್ತದೆ.

ಗಂಗೆ ಇಲ್ಲಿ ಬಿಲ್ಲಿನಂತೆ ಬಾಗಿ ಉತ್ತರಕ್ಕೆ ಹರಿಯುತ್ತಾಳೆ. ಬಾಗಿನ ಹೊರಮೈ ಊರಿನ ಕಡೆ, ಒಳಮೈ ಆಚೆ ದಡದ ಮರಳಿನ ಕಡೆ. ನದಿ ಯಾವಾಗಲೂ ಬಾಗಿನ ಹೊರಮೈಯನ್ನು ಕೊರೆಯುತ್ತದೆ, ಒಳಮೈಗೆ ಮರಳು ಸುರಿಯುತ್ತದೆ. ಅಂದರೆ ಆಳ ಇರುವುದು ನಡುನೀರಿನಲ್ಲೋ ಆಚೆ ದಡದಲ್ಲೋ ಅಲ್ಲ, ಮಕ್ಕಳು ಆಡುವ ಮೆಟ್ಟಿಲುಗಳ ಬುಡದಲ್ಲೇ. ಕಣ್ಣಿಗೆ ಕಾಣುವ ಕೊನೆಯ ಮೆಟ್ಟಿಲು ನಿಜಕ್ಕೂ ಕೊನೆಯದಲ್ಲ. ನೀರಿನೊಳಗೂ ಮೆಟ್ಟಿಲುಗಳು ಇಳಿಯುತ್ತವೆ, ಪಾಚಿ ಕಟ್ಟಿರುತ್ತವೆ, ಆಮೇಲೆ ಒಮ್ಮೆಲೇ ಇಲ್ಲವಾಗುತ್ತವೆ. ದಡಕ್ಕೆ ಕಟ್ಟಿದ ದೋಣಿ ಅಲೆಗೆ ತುಸು ಸರಿಯುತ್ತದೆ, ಮತ್ತೆ ಬಂದು ಮೆಟ್ಟಿಲಿಗೆ ತಾಗುತ್ತದೆ. ಆ ಸಂದು ದೊಡ್ಡವರ ಒಂದು ಹೆಜ್ಜೆ. ಮೂರು ವರ್ಷದ ಮಗುವಿಗೆ ಅದು ಬಾವಿ. ಸುರಕ್ಷತೆ ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ನಡುಹೊಳೆಯಲ್ಲಿ ಮಗುಚಿದ ದೋಣಿ. ಆದರೆ ಚಿಕ್ಕ ಮಗುವಿನ ಮಟ್ಟಿಗೆ ಹಗ್ಗ ಕಟ್ಟಿ ನಿಂತ ದೋಣಿಗೇ ಹೆಚ್ಚು ಹೆದರಬೇಕು. ನಡುಹೊಳೆಯಲ್ಲಿ ಎಲ್ಲರಿಗೂ ನೀರಿನ ನೆನಪಿರುತ್ತದೆ. ದಡಕ್ಕೆ ಬಂದ ಕೂಡಲೇ ಚಪ್ಪಲಿ, ಚೀಲ, ಬಾಡಿಗೆಯ ಚಿಲ್ಲರೆ ನೆನಪಾಗುತ್ತವೆ.

ನೀರು ಮಗುವನ್ನು ಒಯ್ಯುವ ರೀತಿಯ ಬಗ್ಗೆ ಸಿನಿಮಾ ಕಲಿಸಿದ್ದೆಲ್ಲ ತಪ್ಪು. ಕೈ ಬಡಿದು ಕೂಗಿ ಕರೆಯುವ ದೃಶ್ಯ ಅಲ್ಲಿ ಇರುವುದಿಲ್ಲ. ಎರಡು ಮೂರು ವರ್ಷದ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ. ಬಗ್ಗಿದರೆ ತಲೆಯೇ ಮೊದಲು ಹೋಗುತ್ತದೆ, ಹೋದ ಮೇಲೆ ಎತ್ತುವ ಶಕ್ತಿ ಕತ್ತಿಗೆ ಇರುವುದಿಲ್ಲ. ಬಾಯಿ ನೀರಿನೊಳಗಿರುವಾಗ ಕೂಗು ಹೊರಡುವುದು ಹೇಗೆ? ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಗಿಯಬಹುದು. ದೋಣಿಯ ತಳದಲ್ಲಿ ನಿಂತ ಒಂದು ಗೇಣು ನೀರೂ ಇದಕ್ಕೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2024ರ ಕೊನೆಯಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿಗೆ ಸಿಕ್ಕಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನವರು. ಪಶ್ಚಿಮ ಬಂಗಾಳದ ಸುಂದರಬನದಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 244ರ ಪ್ರಮಾಣದಲ್ಲಿ ಮುಳುಗಿ ಸಾಯುತ್ತಿರುವುದು ತಿಳಿಯಿತು. ಸುಂದರಬನದವರೂ ನೀರಿನ ಜನವೇ. ನೀರಿನ ನಡುವೆ ಹುಟ್ಟುವುದೇ ರಕ್ಷಣೆಯಾಗಿದ್ದರೆ ಆ ಸಂಖ್ಯೆ ಬೇರೆ ಇರುತ್ತಿತ್ತು.

ಹಾಗೆಂದು ದೋಣಿಯ ಜನ ಎಂದೂ ಮಕ್ಕಳನ್ನು ನೀರಿನ ಕೃಪೆಗೆ ಬಿಟ್ಟವರಲ್ಲ. ಜಗತ್ತಿನಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರೆಲ್ಲ ಹಗ್ಗದ ಮೊರೆ ಹೋಗಿದ್ದಾರೆ. ದಕ್ಷಿಣ ಚೀನಾದ ಕ್ಯಾಂಟನ್, ಹಾಂಗ್‌ಕಾಂಗ್‌ಗಳ ದೋಣಿವಾಸಿಗಳು ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಮರದ ತುಂಡನ್ನೋ ಕಟ್ಟುತ್ತಿದ್ದರು, ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ ಕುಟುಂಬಗಳು ಮಗುವನ್ನು ದೋಣಿಯ ಚಿಮಣಿಗೆ ಕಟ್ಟಿ ಕೆಲಸ ಮಾಡುತ್ತಿದ್ದವು. ಇಂದು ಹಾಯಿದೋಣಿಯಲ್ಲಿ ಮಕ್ಕಳನ್ನು ಕರೆದುಕೊಂಡು ಸಮುದ್ರ ದಾಟುವ ಸ್ಥಿತಿವಂತ ಕುಟುಂಬಗಳು ಮಾಡುವುದೂ ಅದನ್ನೇ. ದೋಣಿಯ ಅಂಚಿನ ಕಂಬಿಗಳ ಸುತ್ತ ಬಲೆ ಬಿಗಿಯುತ್ತವೆ, ಮಗುವಿನ ಎದೆಗೆ ಪಟ್ಟಿ ತೊಡಿಸಿ ಅದಕ್ಕೊಂದು ಹಗ್ಗ ಸಿಕ್ಕಿಸುತ್ತವೆ. ಹಗ್ಗದ ಅಳತೆಯಲ್ಲಿ ಒಂದು ಸೂತ್ರವಿದೆ: ಬಿದ್ದ ಮೇಲೆ ಎಳೆದುಕೊಳ್ಳುವಷ್ಟು ಉದ್ದ ಅಲ್ಲ, ಅಂಚು ಮುಟ್ಟಲಾಗದಷ್ಟು ಗಿಡ್ಡ.

ಶಿವಾಲಕ್ಕೆ ಇದನ್ನು ಹಾಗೇ ತಂದು ಹೊಂದಿಸಲಾಗದು. ದಡಕ್ಕೆ ಕಟ್ಟಿದ ದೊಡ್ಡ ಬಜಡಾದಲ್ಲಿ, ಅಂದರೆ ಮಹಡಿಯಿರುವ ದೋಣಿಯಲ್ಲಿ, ಮಗುವಿಗೆ ಗಿಡ್ಡ ಹಗ್ಗ ಕಟ್ಟುವುದು ಒಳ್ಳೆಯದೇ. ಹತ್ತು ಜನರ ಸಣ್ಣ ದೋಣಿ ಚಲಿಸುತ್ತಿರುವಾಗ ಕಟ್ಟುವುದು ಅಪಾಯ, ಏಕೆಂದರೆ ಅಂಥ ದೋಣಿ ಮಗುಚಿದರೆ ಹಗ್ಗ ಮಗುವನ್ನು ಅದರ ಜೊತೆಗೇ ಒಯ್ಯುತ್ತದೆ. ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿಟ್ಟು ದೋಣಿ ಹತ್ತುವ ತಾಯಂದಿರಿಗೂ ಇದೇ ಮಾತು. ದೋಣಿಯಲ್ಲಿ ಕೂತ ಮೇಲೆ ಆ ಚೀಲದ ಕೊಂಡಿ ಬಿಚ್ಚಿ ಕೂಸನ್ನು ತೋಳಿನಲ್ಲಿ ಹಿಡಿದುಕೊಳ್ಳಬೇಕು. ತನಗೆ ಹೊಂದುವ ಜಾಕೆಟ್ಟೇ ಸಿಗದಷ್ಟು ಚಿಕ್ಕ ಕೂಸು ದೋಣಿ ಹತ್ತದಿದ್ದರೆ ಏನೂ ನಷ್ಟವಿಲ್ಲ. ಗಂಗೆ ಮೆಟ್ಟಿಲಿನಿಂದಲೂ ಕಾಣುತ್ತಾಳೆ.

ಇಷ್ಟಾದ ಮೇಲೆ ಜಾಕೆಟ್ಟಿನ ವಿಚಾರ. ಕನ್ನಡದ ಪತ್ರಿಕೆಗಳು ಇದನ್ನು 'ಜೀವರಕ್ಷಕ ಕವಚ' ಎಂದು ಬರೆಯುತ್ತವೆ. ಕವಚ ಎಂದೊಡನೆ ಕರ್ಣ ನೆನಪಾಗುತ್ತಾನೆ, ಹುಟ್ಟುವಾಗಲೇ ಮೈಗಂಟಿಕೊಂಡು ಬಂದದ್ದು. ವ್ಯಾಸರ ವನಪರ್ವದಲ್ಲಿ ಕುಂತಿ ಕೂಸನ್ನು ಮೇಣ ಮೆತ್ತಿದ ಪೆಟ್ಟಿಗೆಯಲ್ಲಿಟ್ಟು ಅಶ್ವನದಿಗೆ ಬಿಡುತ್ತಾಳೆ. ಅದು ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ಸೇರಿ ಚಂಪಾ ನಗರ ಮುಟ್ಟುತ್ತದೆ. ಪ್ರಯಾಗ ದಾಟಿ ಚಂಪೆಗೆ ಹೋಗುವ ಪೆಟ್ಟಿಗೆ ಕಾಶಿಯ ಮುಂದೆಯೇ ತೇಲಿ ಹೋಗಿರಬೇಕು. ಈ ದಾರಿಯಲ್ಲಿ ದಡದ ಯಾರ ಆರೈಕೆಯೂ ಇಲ್ಲದೆ ಉಳಿದ ಕೂಸು ಅದೊಂದೇ. ಅದಕ್ಕೆ ಸೂರ್ಯ ಕೊಟ್ಟ ಕವಚವಿತ್ತು. ಬೇರೆ ಮಕ್ಕಳಿಗೆ ಯಾರಾದರೂ ತೊಡಿಸಬೇಕು, ಅಳತೆ ನೋಡಬೇಕು, ದಾರ ಬಿಗಿಯಬೇಕು.

ಅಳತೆ ನೋಡುವುದು ಕಷ್ಟದ ಕೆಲಸವಲ್ಲ. ಜಾಕೆಟ್ಟು ತೊಡಿಸಿ, ಎಲ್ಲ ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆತ್ತಬೇಕು. ಮಗು ಜೊತೆಗೇ ಮೇಲೆ ಬಂದರೆ ಸರಿ. ಜಾಕೆಟ್ಟು ಮಾತ್ರ ಮೇಲೆ ಬಂದು ಗಲ್ಲ, ಕಿವಿ ಅದರೊಳಗೆ ಹೂತುಹೋದರೆ ಅದು ಆ ಮಗುವಿನದಲ್ಲ. ಚಿಕ್ಕ ಮಕ್ಕಳ ಜಾಕೆಟ್ಟಿಗೆ ಇನ್ನೆರಡು ಅಂಗ ಇರಲೇಬೇಕು. ಒಂದು, ಎರಡು ಕಾಲುಗಳ ನಡುವೆ ಹಾದು ಮುಂದೆ ಸಿಕ್ಕಿಕೊಳ್ಳುವ ಪಟ್ಟಿ. ಅದಿಲ್ಲದಿದ್ದರೆ ಸೊಂಟವೇ ಇಲ್ಲದ ಮಗುವಿನ ಮೈಯಿಂದ ಜಾಕೆಟ್ಟು ತಲೆಯ ಮೇಲಿಂದ ಕಳಚಿ ಹೋಗುತ್ತದೆ. ಇನ್ನೊಂದು, ಕತ್ತಿನ ಹಿಂದೆ ದಿಂಬಿನಂಥ ಕಾಲರು. ಅದು ಭಾರದ ತಲೆಯನ್ನು ನೀರಿನಿಂದ ಮೇಲೆ, ಮುಖವನ್ನು ಆಕಾಶದ ಕಡೆ ಹಿಡಿಯುತ್ತದೆ. ತೇಲಿಸುವ ಬಲದ ದರ್ಜೆಯೂ ಮುಖ್ಯ. ಅಂತರರಾಷ್ಟ್ರೀಯ ಮಾನದಂಡದಲ್ಲಿ 50ರ ದರ್ಜೆ ಈಜು ಬಲ್ಲವರಿಗೆ, ಈಜು ಬಾರದ ಮಗುವಿಗೆ 100 ಬೇಕು. ಘಾಟ್‌ಗಳಲ್ಲಿ ಕೈಗೆ ಕೊಡುವ, ಬಿಸಿಲಿಗೆ ಬಣ್ಣ ಹೋದ, ಒಂದು ಕೊಂಡಿ ಮುರಿದ ದೊಡ್ಡವರ ಜಾಕೆಟ್ಟಿಗೆ ಇದ್ಯಾವುದೂ ಇರುವುದಿಲ್ಲ. ಅದು ಮಂಗಳಾರತಿ ತಟ್ಟೆಯ ಹಾಗೆ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮುಟ್ಟುತ್ತಾರೆ, ಫೋಟೋ ಆಗುತ್ತದೆ, ಪೊಲೀಸ್ ದೋಣಿ ದಾಟಿದ ಮೇಲೆ ತೊಡೆಯ ಮೇಲೋ ಬೆನ್ನಿನ ಹಿಂದೆ ದಿಂಬಾಗಿಯೋ ಉಳಿಯುತ್ತದೆ.

ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯನ್ನು ಬದಲಿಸಿ 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂತು. ಯಂತ್ರದ ದೋಣಿಗಳಿಗೆ ನೋಂದಣಿ, ತಪಾಸಣೆ. ಹುಟ್ಟು ಹಾಕುವ ದೋಣಿಗಳ ಹೊಣೆ ಸ್ಥಳೀಯ ಸಂಸ್ಥೆಗಳ ಕಡೆಗೆ. ಜಾಕೆಟ್ಟು ಕಡ್ಡಾಯ ಎಂದು ವಾರಾಣಸಿಯ ಆಡಳಿತ ಹೇಳುತ್ತಲೇ ಬಂದಿದೆ. ಆದರೆ 'ಪ್ರತಿ ಪ್ರಯಾಣಿಕನಿಗೆ ಒಂದು ಜಾಕೆಟ್ಟು' ಎಂಬ ವಾಕ್ಯದಲ್ಲಿ ಎರಡು ತೂತುಗಳಿವೆ. ಪ್ರಯಾಣಿಕ ಎಂದಾಗ ಕಾನೂನಿನ ಮನಸ್ಸಿನಲ್ಲಿ ಇರುವುದು ದೊಡ್ಡ ಗಂಡಸಿನ ಎದೆಯಳತೆ. ದೋಣಿಯವರ ಮಗುವಂತೂ ಪ್ರಯಾಣಿಕನೇ ಅಲ್ಲ, ಅದು ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ನಿಯಮ ಇದನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಚಲಿಸುವ ದೋಣಿಯಲ್ಲಿ ಕೋಣೆಯ ಹೊರಗಿರುವ 13 ವರ್ಷದೊಳಗಿನ ಮಗು ಜಾಕೆಟ್ಟು ತೊಟ್ಟಿರಬೇಕು. ದೋಣಿಯಲ್ಲಿ ಜಾಕೆಟ್ಟು ಇದೆ ಎಂದರೆ ಸಾಲದು. ಯಾರ ಮಗು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

'ಇರುವುದು' ಮತ್ತು 'ತೊಡುವುದು' ಇವೆರಡರ ನಡುವಿನ ಅಂತರಕ್ಕೆ ಕರ್ನಾಟಕವೇ ಬೆಲೆ ತೆತ್ತಿದೆ. 2019ರ ಜನವರಿ 21ರಂದು, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯ ದಿನ, ಹೆಚ್ಚು ಜನರನ್ನು ತುಂಬಿಕೊಂಡ ದೋಣಿ ಮಗುಚಿ 16 ಮಂದಿ ಸತ್ತರು. ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದ ಹಲವರು, ಮಕ್ಕಳೂ, ಅವರಲ್ಲಿದ್ದರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಒಂದು ಸಮುದ್ರ, ಒಂದು ಕೆರೆ. ಎರಡು ಕಡೆಯೂ ದೋಣಿಯಲ್ಲಿ ತಾಳುವುದಕ್ಕಿಂತ ಹೆಚ್ಚು ಜನ, ಜಾಕೆಟ್ಟಿಲ್ಲದ ಮೈಗಳು.

ದೋಣಿಯವರು ಇಲ್ಲ ಎನ್ನಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವ ಹಕ್ಕು ಅಂಬಿಗನಿಗೆ ಉಂಟೇ? ಶಿವಾಲಕ್ಕೆ ಕೂಗಳತೆಯ ತುಲಸಿ ಘಾಟ್‌ನಲ್ಲಿ ಬಾಳಿದ ತುಲಸೀದಾಸರ ರಾಮಾಯಣದಲ್ಲಿ ಕೇವಟನ ಪ್ರಸಂಗವಿದೆ. ಕಾಲಿನ ಧೂಳು ತಾಗಿ ಕಲ್ಲೇ ಹೆಣ್ಣಾಯಿತಂತೆ, ಮರದ ದೋಣಿಯ ಗತಿಯೇನು, ಕಾಲು ತೊಳೆಯದೆ ಹತ್ತಿಸುವುದಿಲ್ಲ ಎಂದು ಅವನು ರಾಮನಿಗೇ ಹೇಳುತ್ತಾನೆ. ಭಕ್ತಿಯ ಮಾತೆಂದೇ ಎಲ್ಲರೂ ಓದುತ್ತಾರೆ, ಸರಿಯೇ. ಆದರೆ ಅದು ದೋಣಿಯವನು ತನ್ನ ಶರತ್ತು ಹಾಕುವ ಮಾತೂ ಹೌದು. ರಾಮನಿಗೆ ಶರತ್ತು ಹಾಕಿದವರ ವಂಶದವರು ಎನ್ನಿಸಿಕೊಂಡವರು ಹನ್ನೆರಡು ಜನರ ಯಾತ್ರಾ ತಂಡಕ್ಕೆ "ಮಗುವಿಗೆ ಜಾಕೆಟ್ಟು ಕಟ್ಟದೆ ಹೊರಡುವುದಿಲ್ಲ" ಎನ್ನಲಾರರೇ? ಅನ್ನಬಲ್ಲರು. ಪಕ್ಕದ ದೋಣಿಯವನು ಅದೇ ಬಾಡಿಗೆಗೆ, ಅದೇ ತಂಡವನ್ನು ಏನೂ ಕೇಳದೆ ಹತ್ತಿಸಿಕೊಳ್ಳುತ್ತಾನೆ ಎಂಬುದಷ್ಟೇ ತೊಡಕು. ಆದ್ದರಿಂದ ಶರತ್ತು ಒಬ್ಬ ಅಂಬಿಗನದಾಗಿ ಇರಬಾರದು, ಘಾಟ್‌ನದಾಗಿರಬೇಕು.

ಇನ್ನೊಂದು ಬದಲಾವಣೆಯನ್ನು ಹೆಚ್ಚಿನವರು ಗಮನಿಸಿಲ್ಲ. ಹುಟ್ಟು ಹಾಕುವವನ ಮುಖ ಸಾಮಾನ್ಯವಾಗಿ ಪ್ರಯಾಣಿಕರ ಕಡೆಗಿರುತ್ತದೆ. ಯಾವ ಮಗು ಎದ್ದಿತು, ಯಾವುದು ಅಂಚಿಗೆ ಬಗ್ಗಿತು ಎಂಬುದೆಲ್ಲ ಅವನ ಕಣ್ಣಿಗೆ ತಾನಾಗಿ ಬೀಳುತ್ತದೆ. 2021ರಿಂದ ಈಚೆಗೆ ಕಾಶಿಯ ಡೀಸೆಲ್ ದೋಣಿಗಳು ಸಿಎನ್‌ಜಿಗೆ ಬದಲಾದವು. ಹೊಗೆ ಕಡಿಮೆಯಾಯಿತು, ಒಳ್ಳೆಯದಾಯಿತು. ಆದರೆ ಡೀಸೆಲ್ಲೋ ಸಿಎನ್‌ಜಿಯೋ, ಯಂತ್ರದ ದೋಣಿ ನಡೆಸುವವನ ಜಾಗ ಹಿಂದುಗಡೆ. ಅವನಿಗೆ ಕಾಣುವುದು ಪ್ರಯಾಣಿಕರ ಬೆನ್ನು, ಎತ್ತಿ ಹಿಡಿದ ಮೊಬೈಲು. ಮುಂತುದಿಯಲ್ಲಿ ಕೂತ ಮೂರಡಿಯ ಮಗು ಆ ಎಲ್ಲ ತಲೆಗಳ ಆಚೆ. ಯಂತ್ರದ ಸದ್ದಿನಲ್ಲಿ 'ದುಡುಂ' ಎಂಬ ಶಬ್ದವೂ ಕೇಳದು. ಹಿಂದೆ ಕಸುಬಿನ ಕೂರುವ ಭಂಗಿಯಲ್ಲೇ ಇದ್ದ ಕಾವಲು ಈಗ ಹೋಗಿದೆ. ಅದರ ಜಾಗಕ್ಕೆ ಯಾರನ್ನಾದರೂ ನೇಮಿಸಬೇಕಿತ್ತು, ನೇಮಿಸಿಲ್ಲ.

ನೇಮಿಸುವುದು ಎಂಬ ಮಾತಿಗೆ ಕಾಶಿಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ದೀಪಾವಳಿ ಕಳೆದು ನಾಲ್ಕನೇ ದಿನ, ಕಾರ್ತಿಕ ಶುದ್ಧ ಚೌತಿಯಂದು, ತುಲಸಿ ಘಾಟ್‌ನಲ್ಲಿ ನಾಗ ನಥೈಯಾ ಲೀಲೆ ನಡೆಯುತ್ತದೆ. ಘಾಟ್ ತುಂಬ ಜನ, ಹೊಳೆ ತುಂಬ ದೋಣಿ. ಕೃಷ್ಣನ ವೇಷದ ಹುಡುಗ ಕದಂಬದ ಕೊಂಬೆ ಏರಿ, ಚೆಂಡು ತರಲೆಂದು ಗಂಗೆಗೆ ಧುಮುಕುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಕಾಳಿಂಗನ ಹೆಡೆಯ ಮೇಲೆ ನಿಂತು ಮೇಲೆ ಬರುತ್ತಾನೆ. ಶಂಖ, ಡಮರು, ಹರಹರ ಮಹಾದೇವ. ನೋಡುವವರ ಕಣ್ಣೆಲ್ಲ ಹುಡುಗನ ಮೇಲೆ. ಅವನು ಬೀಳುವ ಜಾಗದ ಸುತ್ತ ಕತ್ತಿನವರೆಗೆ ನೀರಿನಲ್ಲಿ ಕಾದಿರುವ ಈಜುಗಾರರ ಕಡೆ ಯಾರ ಗಮನವೂ ಹೋಗುವುದಿಲ್ಲ. ಆ ಹುಡುಗನಿಗೆ ಈಜು ಬರುತ್ತದೆ ಎಂದು ಅವರು ದಡದಲ್ಲಿ ಕೂತು ಚಹಾ ಕುಡಿಯುತ್ತಿರುವುದಿಲ್ಲ. ಅವರಿಗೆ ಆ ಹೊತ್ತು ಅದೊಂದೇ ಕೆಲಸ: ಬಿದ್ದವನನ್ನು ಹಿಡಿಯುವುದು. ಸಾವಿರಾರು ಜನ ನೋಡುತ್ತಿರುವ ಹುಡುಗನನ್ನು ಕಾಯುವುದು ಆ ಸಾವಿರಾರು ಕಣ್ಣುಗಳಲ್ಲ, ಕೆಳಗಿರುವ ನಾಲ್ಕಾರು ಜೋಡಿ ಕೈಗಳು.

ಕುಟುಂಬ ಸಮೇತ ದೋಣಿ ಹತ್ತಿದಾಗ ಆಗುವ ಎಡವಟ್ಟು ಇದೇ. ಅಜ್ಜಿ ಇದ್ದಾಳೆ, ಚಿಕ್ಕಪ್ಪ ಇದ್ದಾನೆ, ಅತ್ತೆ ಇದ್ದಾಳೆ. ಹತ್ತು ಜನ ನೋಡಿಕೊಳ್ಳುತ್ತಾರೆ ಎಂದು ಹತ್ತು ಜನವೂ ಅಂದುಕೊಳ್ಳುತ್ತಾರೆ. ಸಮುದ್ರಯಾನದ ಕುಟುಂಬಗಳಲ್ಲಿ ಕಾವಲು ಒಬ್ಬರ ಹೆಸರಿನಲ್ಲಿರುತ್ತದೆ, ಬದಲಾಗುವಾಗ ಬಾಯಿಬಿಟ್ಟು ಹೇಳಿ ಬದಲಾಗುತ್ತದೆ. ಕನ್ನಡದ ಮನೆಗಳಲ್ಲಿ ಇದಕ್ಕೆ ಬೇಕಾದ ಮಾತು ಈಗಾಗಲೇ ಇದೆ: "ತಗೋ, ಹಿಡ್ಕೋ, ನಿನ್ನ ಕೈಲಿದೆ." ಕೂಸನ್ನು ಕೈಯಿಂದ ಕೈಗೆ ದಾಟಿಸುವಾಗ ಹೇಳುವ ಅದೇ ಮಾತನ್ನು ದೋಣಿಯಲ್ಲಿ ನಾಲ್ಕು ವರ್ಷದ ಮಗುವಿನ ವಿಷಯದಲ್ಲೂ ಹೇಳಬೇಕು. ಹಾಗೆ ಒಪ್ಪಿಕೊಂಡವರ ಕೈಯಲ್ಲಿ ಆ ಅರ್ಧ ಗಂಟೆ ಫೋನಿರಬಾರದು, ಬಿಡಬೇಕಾದ ದೀಪದ ದೊನ್ನೆಯೂ ಇರಬಾರದು. ದೀಪ ಬಿಡಲು ಅಂಚಿಗೆ ಬಗ್ಗುವ ಕ್ಷಣವಂತೂ ಮಗುವಿಗೆ ಬಲು ಆಸೆಯದು, ಬಲು ಅಪಾಯದ್ದು.

ಪ್ರಯಾಣಿಕರ ಮಗು ಅರ್ಧ ಗಂಟೆಗೆ ಇಳಿದು ಹೋಗುತ್ತದೆ. ಮುಂತುದಿಯ ಮಗು ನಾಳೆಯೂ ಅಲ್ಲೇ ಇರುತ್ತದೆ. ಅದು ಅಲ್ಲಿ ಯಾಕೆ ಇದೆ ಎಂದು ಕೇಳಿದರೆ ಉತ್ತರ ಸರಳ: ಮನೆಯಲ್ಲಿ ನೋಡಿಕೊಳ್ಳುವವರು ಆ ಹೊತ್ತಿಗೆ ಯಾರೂ ಇಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದಕ್ಕೊಂದು ಪರಿಹಾರ ಹುಡುಕಿದರು. ತಾಯಂದಿರು ಕೆಲಸದಲ್ಲಿ ಮುಳುಗಿರುವ ಬೆಳಗಿನ 9ರಿಂದ ಮಧ್ಯಾಹ್ನ 1ರವರೆಗೆ ಊರಿನ ಒಬ್ಬ ಹೆಂಗಸಿನ ಮನೆಯಲ್ಲೇ ಚಿಕ್ಕ ಮಕ್ಕಳನ್ನು ಕೂರಿಸುವ ಶಿಶುಕೇಂದ್ರ. ಅಷ್ಟರಿಂದಲೇ ಆ ವಯಸ್ಸಿನ ಮಕ್ಕಳು ಮುಳುಗಿ ಸಾಯುವುದು ಬಹುಪಾಲು ನಿಂತಿತು. ಬೇಲಿಯಲ್ಲ, ಯಂತ್ರವಲ್ಲ, ಒಂದು ಕೋಣೆ ಮತ್ತು ಒಬ್ಬ ಹೆಂಗಸು. ಭಾರತದಲ್ಲಿ ಅಂಗನವಾಡಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದರ ಗಡಿಯಾರ ಹೊಲದ, ಕಚೇರಿಯ ಗಡಿಯಾರ. ಶಿವಾಲದ ದೋಣಿಗಳಿಗೆ ಕೆಲಸ ಸೂರ್ಯೋದಯದ ಎರಡು ಮೂರು ಗಂಟೆ, ಮತ್ತೆ ಸಂಜೆಯ ಆರತಿಯ ಎರಡು ಮೂರು ಗಂಟೆ. ಆ ಎರಡು ಹೊತ್ತಿನಲ್ಲೂ ಅಂಗನವಾಡಿಗೆ ಬೀಗ. ಮಧ್ಯಾಹ್ನ ದೋಣಿಗಳು ಕಟ್ಟಿ ನಿಂತಿದ್ದು, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿರುವಾಗ ಅದು ತೆರೆದಿರುತ್ತದೆ. ನಿಷಾದರಾಜ ಘಾಟ್‌ನ ಮೇಲಿನ ಗಲ್ಲಿಯಲ್ಲಿ ಬೆಳಗಿನ ಐದಕ್ಕೆ ತೆರೆಯುವ ಒಂದು ಕೋಣೆ ನೂರು ಫಲಕಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಈಜು ಕಲಿಸುವುದು ಬೇಡವೇ? ಬೇಕು, ಆರೇಳು ವರ್ಷಕ್ಕೆ ಖಂಡಿತ ಬೇಕು. ಶಿವಾಲದ ಮಕ್ಕಳು ಕಲಿಯುತ್ತಾರೆ, ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಹಾಗೆ ಕಲಿತ ಅಣ್ಣನನ್ನು ನೋಡಿಯೇ ಕಲಿಯದ ತಮ್ಮ ನೀರಿಗೆ ಹಾರುತ್ತಾನೆ.

ಬಿದ್ದ ಮಗುವನ್ನು ಎತ್ತಿದ ಮೇಲಿನ ಮಾತೂ ಇದೆ. ಇಲ್ಲಿ ಉತ್ತರದವರೂ ದಕ್ಷಿಣದವರೂ ಒಂದೇ ತಪ್ಪು ಮಾಡುತ್ತಾರೆ: ಕಾಲು ಹಿಡಿದು ತಲೆಕೆಳಗೆ ತೂಗುವುದು, ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು. ಅಷ್ಟು ಹೊತ್ತು ಮಗುವಿಗೆ ಉಸಿರಿಲ್ಲ. ಉಸಿರಾಡದ ಮಗುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿ, ತಲೆ ತುಸು ಹಿಂದಕ್ಕೆ ಬಾಗಿಸಿ, ಬಾಯಿಯಿಂದ ಉಸಿರು ಕೊಡುವುದು ಮೊದಲ ಕೆಲಸ. ಆಮೇಲೆ ಎದೆಯ ನಡುವೆ ಒತ್ತುವುದು, ಮತ್ತೆ ಉಸಿರು, ಆಸ್ಪತ್ರೆ ಸಿಗುವವರೆಗೆ ಬಿಡದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮೊಬೈಲಿನಲ್ಲಿ ಬಂದ ಸಂದೇಶ ನಂಬಿ, ಮುಳುಗಿ ಸತ್ತ ಹುಡುಗನ ದೇಹವನ್ನು ಬದುಕಿಯಾನೆಂದು ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿಟ್ಟರು. ಅದನ್ನು ಮೂಢನಂಬಿಕೆ ಎಂದು ನಕ್ಕವರಲ್ಲಿ ಎಷ್ಟು ಮಂದಿಗೆ ಮಗುವಿಗೆ ಉಸಿರು ಕೊಡಲು ಬರುತ್ತಿತ್ತು? ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 11ನೇ ಬೆಟಾಲಿಯನ್ನು ವಾರಾಣಸಿಯಲ್ಲೇ ಇದೆ. ಒಂದು ಮಳೆಗಾಲದ ಬಿಡುವಿನಲ್ಲಿ ಪ್ರತಿ ದೋಣಿಯ ಒಬ್ಬರಿಗೆ ಇದನ್ನು ಗೊಂಬೆಯ ಮೇಲೆ ಕಲಿಸುವುದು ದೊಡ್ಡ ಯೋಜನೆಯೇನಲ್ಲ.

ಕರ್ನಾಟಕದ ಪಾಲಿನ ಕೆಲಸವೂ ದೊಡ್ಡದಲ್ಲ. 2022ರಲ್ಲಿ ರಾಜ್ಯದ ಮುಜರಾಯಿ ಇಲಾಖೆ ಕಾಶಿ ಯಾತ್ರಿಕರಿಗೆ ತಲಾ 5,000 ರೂಪಾಯಿ ನೆರವು ಕೊಡಲು ಆರಂಭಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ರೈಲು ಹೊರಟಿತು. ಟಿಕೆಟ್ಟು, ಊಟ, ವಸತಿ, ದರ್ಶನ ಎಲ್ಲದರ ಯೋಚನೆ ನಡೆದಿದೆ. ದೋಣಿ ಮಾತ್ರ ಯಾತ್ರಿಕರ ಅದೃಷ್ಟಕ್ಕೆ ಬಿಟ್ಟದ್ದು. ಹನುಮಾನ್ ಘಾಟ್‌ನಲ್ಲಿರುವ ರಾಜ್ಯದ ಛತ್ರದ ಬಾಗಿಲ ಬಳಿ ಒಂದು ಕಪಾಟು ಇಟ್ಟು, ಮೂರು ಅಳತೆಯ ಮಕ್ಕಳ ಜಾಕೆಟ್ಟು ಒಂದೊಂದು ಅಳತೆಯವು ಇಪ್ಪತ್ತರಂತೆ ತೂಗುಹಾಕಿ, ಚೀಟಿ ಬರೆಸಿ ಕೊಟ್ಟು ವಾಪಸು ತೆಗೆದುಕೊಂಡರೆ ಆಯಿತು. ಛತ್ರದಲ್ಲಿ ಕಂಬಳಿ ಕೊಡುವುದಿಲ್ಲವೇ, ಹಾಗೆ. ಆ ಕಪಾಟಿನಿಂದ ಪಕ್ಕದ ಘಾಟ್‌ಗಳ ದೋಣಿಯವರ ಮಕ್ಕಳಿಗೂ ಒಂದೊಂದು ಕೊಡಬೇಕು. ಅವಕ್ಕೆ ಚೀಟಿ ಬೇಡ, ವಾಪಸೂ ಬೇಡ.

ಜುಲೈ 25ನ್ನು ವಿಶ್ವಸಂಸ್ಥೆ ಮುಳುಗು ಸಾವು ತಡೆಯುವ ದಿನ ಎಂದು 2021ರಲ್ಲಿ ಗೊತ್ತುಮಾಡಿತು. ಕಾಶಿಯಲ್ಲಿ ಆ ಹೊತ್ತಿಗೆ ಹೊಳೆ ಏರಿರುತ್ತದೆ, ಶಿವಾಲದ ಕೆಳಗಿನ ಮೆಟ್ಟಿಲುಗಳು ಕಾಣುವುದಿಲ್ಲ. ನೀರು 71.262 ಮೀಟರಿನ ಅಪಾಯದ ಗೆರೆಯ ಕಡೆ ಹೊರಟರೆ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ. ದೋಣಿಯವರು ಹಗ್ಗ ಬಿಗಿದು ಕೂರುತ್ತಾರೆ, ಪ್ರಯಾಣಿಕರಿಲ್ಲ, ಸಂಪಾದನೆಯೂ ಇಲ್ಲ. ಜಾಕೆಟ್ಟಿನ ಅಳತೆ ತೆಗೆದುಕೊಳ್ಳಲು, ಕೋಣೆ ಹುಡುಕಲು, ಗೊಂಬೆಯ ಮೇಲೆ ಉಸಿರು ಕೊಡುವುದನ್ನು ಕಲಿಸಲು ಪುರುಸೊತ್ತು ಇರುವುದು ಆಗಲೇ. ಕಾರ್ತಿಕದ ಹೊತ್ತಿಗೆ ನೀರು ಇಳಿದು, ಕೆಸರು ತೊಳೆದು, ಮೊದಲ ದೋಣಿ ಹೊರಡುವಾಗ ಮುಂತುದಿಯಲ್ಲಿ ಮತ್ತೆ ಅದೇ ಮಗು ಕೂತಿರುತ್ತದೆ.